ಶನಿವಾರಸಂತೆಯಲ್ಲಿ ಮೆಣಸಿನಕಾಯಿ ಬೆಲೆ ಇಳಿಸಿದ್ದು

ಶನಿವಾರಸಂತೆ, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇಲ್ಲಿ ಬಾಡಿಗೆ ಮನೆ ಹಿಡಿದು ವಾರವಾಯಿತು. ಇವತ್ತು ಸಂತೆಯಲ್ಲಿ ಮೆಣಸಿನಕಾಯಿ ಮಾರಲು ಕೂತಿದ್ದ ಪಕ್ಕದ ಮನೆಯ ಹುಚ್ಚಮ್ಮ ಹಸಿಮೆಣಸಿನಕಾಯಿ ಕಿಲೋಗೆ ಅರವತ್ತು ಎಂದಳು. ರಿಟೈರ್ ಆದರೂ ರಿಸರ್ವ್ ಬ್ಯಾಂಕಿನ ಚಟ ಹೋಗಿಲ್ಲ ನೋಡು, ಬಡ್ಡಿ ದರದ ಸಭೆಯಲ್ಲಿ ಹೇಳುವ ಹಾಗೆ "ಎರಡು ತಿಂಗಳು ಕಾದು ನೋಡೋಣ" ಎಂದುಬಿಟ್ಟೆ.

"ಬ್ಯಾಂಕ್ ಸಾರ್ ಕಾಯ್ತಾರಂತೆ! ರೇಟ್ ಬೀಳೋದು ಅವ್ರಿಗೆ ಗೊತ್ತಿರ್ಬೇಕು. ಈಗ್ಲೇ ಮಾರ್ಬುಡ್ರಮ್ಮಾ!" ಎಂದು ಅವಳು ಕೂಗಿದ್ದೇ ತಡ, ಇಡೀ ಸಾಲು ನಲವತ್ತಕ್ಕಿಳಿಯಿತು. ಮೂವತ್ತು ವರ್ಷ ಬಡ್ಡಿ ಏರಿಸಿಯೂ ನನ್ನಿಂದಾಗದ ಕೆಲಸ! ಹೆಮ್ಮೆಯಿಂದ ಹತ್ತು ಕಿಲೋ ಕೊಂಡೆ. ಅದನ್ನು ಕಂಡು ಮಾರುವವರೆಲ್ಲ ಬೆಲೆಯನ್ನು ಎಪ್ಪತ್ತಕ್ಕೇರಿಸಿದರು.

ನನಗೋ ಅಲ್ಸರ್ ಎಂದು ಡಾಕ್ಟರು ಖಾರ ಬಿಡಿಸಿದ್ದಾರೆ. ಅಷ್ಟನ್ನೂ ನಾಳೆ ಬಸ್ಸಿಗೆ ಹಾಕುತ್ತೇನೆ, ಉಪ್ಪಿನಕಾಯಿ ಹಾಕಿಬಿಡು.

ಇಷ್ಟು ವರ್ಷ ದಾಸ್ತಾನುಕೋರರನ್ನು ಬೈದ ನಿನ್ನ ತಮ್ಮ,
ರಘುಪತಿ