ಹುಳುಮನೆಗೆ ಮೂರು ಸಲ ಬಂದವಳಿಗೆ

ಸುನಂದಳಿಗೆ,

ವಕ್ಕಲೇರಿ ದೊಡ್ಡಮನೆಯಿಂದ ವೆಂಕಟರತ್ನಮ್ಮ ಬರೆಯುತ್ತಿದ್ದೇನೆ. ನೀನು ನನ್ನ ಕಿರಿಯ ಮಗಳಿಗಿಂತ ಚಿಕ್ಕವಳು, ಅದಕ್ಕೇ ನೀನು ಎಂದು ಬರೆಯುತ್ತೇನೆ. ಹಾಸ್ಟೆಲಿನ ವಾರ್ಡನ್ ಆದ ನಿನಗೆ ಅದು ಸರಿ ಕಾಣದಿದ್ದರೆ ಆಮೇಲೆ ಜಗಳವಾಡು. ಮೊದಲು ಪತ್ರವನ್ನು ಪೂರ್ತಿ ಓದು.

ನಮ್ಮ ಮನೆಯನ್ನೂ ತೋಟವನ್ನೂ ಕಂಡವರಿಗೆಲ್ಲ ತೋರಿಸಬೇಕೆಂದು ನಾನು ಆಸೆಪಟ್ಟವಳಲ್ಲ. ಅದನ್ನು ಶುರು ಮಾಡಿದ್ದು ಸೊಸೆ ಶಿವಾನಿ. ನೂರ ಮೂವತ್ತು ವರ್ಷದ ತೊಟ್ಟಿ ಮನೆ, ಕಣಜ, ಕಲ್ಲು ಕಟ್ಟಿದ ಬಾವಿ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ಹುಳುಮನೆ, ಅದರಾಚೆ ಹಿಪ್ಪುನೇರಳೆ ತೋಟ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಮುಂದೆ ಹೊರಡುತ್ತಾಳೆ, ಜನ ಹಿಂದೆ ನಡೆಯುತ್ತಾರೆ. ನಾನು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಬಂದವರನ್ನು ಸ್ವಾಗತಿಸಲು ಕೂತಿದ್ದೇನೆಂದು ಅವರು ತಿಳಿದು ಕೈ ಮುಗಿಯುತ್ತಾರೆ. ನಾನು ಕೂರುವುದು ಕಾವಲಿಗೆ.

ಬರುವವರು ಎಂಥೆಂಥವರು ಎಂದು ನಿನಗೆ ಗೊತ್ತಿಲ್ಲ. ತೇಗವೋ ಅಲ್ಲವೋ ಎಂದು ಕಂಬವನ್ನು ಬೆರಳಲ್ಲಿ ತಟ್ಟಿ ನೋಡುವವರು ಇದ್ದಾರೆ. ಕುರುಡುಮಲೆ ಗಣಪತಿಯ ದರ್ಶನ ಮುಗಿಸಿ ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಬಂದು, "ಅಜ್ಜಿ, ಇದಕ್ಕೆ ಎಷ್ಟು ಜನ ಪಾಲುದಾರರು?" ಎಂದು ಕೇಳುವವರಿದ್ದಾರೆ. ಹೋದ ವರ್ಷ ಮಾಲೂರಿನ ಕಡೆಯ ಒಬ್ಬ ಮೀಸೆಯವನು ನಡುಮನೆಯ ಉದ್ದವನ್ನು ಹೆಜ್ಜೆ ಹಾಕಿ ಅಳೆದ. ಏನಪ್ಪಾ ಎಂದರೆ, "ಸುಮ್ನೆ ವಾಕಿಂಗ್ ಅಜ್ಜಿ, ಶುಗರ್ ಇದೆ" ಎಂದ. ಹಾಗಾಗಿ ಯಾರು ಎಲ್ಲಿ ನೋಡುತ್ತಾರೆ, ಯಾವುದನ್ನು ಮುಟ್ಟುತ್ತಾರೆ ಎಂಬುದೆಲ್ಲ ನನ್ನ ಗಮನದಲ್ಲಿರುತ್ತದೆ.

ನೀನು ಮೊದಲ ಸಲ ಬಂದಾಗ ನನಗೆ ಅನುಮಾನ ಬರಲಿಲ್ಲ. ಶ್ರೀನಿವಾಸಪುರದಿಂದ ಒಂದು ಬಸ್ಸು ತುಂಬ ಹಾಸ್ಟೆಲ್ ಹುಡುಗಿಯರನ್ನು ಕರೆತಂದಿದ್ದೆ. ಹುಳುಮನೆಯಲ್ಲಿ ಶಿವಾನಿ ಎಂದಿನ ಕಥೆ ಹೇಳಿದಳು. "ಇಲ್ಲಿ ಹೊಗೆಸೊಪ್ಪಿನ ಅಂಜಮ್ಮ ಅಂತ ಒಬ್ಬಳು ಕೆಲಸಕ್ಕಿದ್ದಳಂತೆ. ಕೈ ತೊಳಿಯೇ ಅಂದ್ರೆ ತೊಳೀತಿರಲಿಲ್ಲ. ಒಂದಿನ ಹೊಗೆಸೊಪ್ಪಿನ ಕೈಯಲ್ಲೇ ಹುಳಕ್ಕೆ ಸೊಪ್ಪು ಹಾಕಿ, ಸಂಜೆಯೊಳಗೆ ಒಂದು ಬೆಳೆ ಹುಳು ಪೂರ್ತಿ ಖಾಲಿ." ಹುಡುಗಿಯರು ನಕ್ಕರು. "ಹುಳಕ್ಕೂ ನಶೆ ಏರಿರಬೇಕು ಕಣೇ" ಎಂದು ಒಬ್ಬಳು ಅಂದಳು, ಇನ್ನೂ ನಕ್ಕರು. ನೀನು ನಗಲಿಲ್ಲ. ವಾರ್ಡನ್ ಗತ್ತು ಎಂದುಕೊಂಡೆ.

ಎರಡು ವಾರ ಬಿಟ್ಟು ನೀನು ಒಬ್ಬಳೇ ಬಂದೆ. ಬಂದವರು ಹೆಸರು, ಊರು ಬರೆಯುವ ಪುಸ್ತಕದಲ್ಲಿ ಈ ಸಲ ಊರು ಮುಳಬಾಗಿಲು ಎಂದು ಬರೆದೆ. ಒಂದೇ ಹೆಸರು, ಒಂದೇ ಕೈಬರಹ, ಊರು ಬೇರೆ. ನನ್ನ ಮನಸ್ಸು ಅಲ್ಲಿಗೆ ಚುರುಕಾಯಿತು. ನಾನೂ ನಿನ್ನ ಹಿಂದೆಯೇ ಹಿತ್ತಲಿಗೆ ಬಂದೆ. ಮಿಕ್ಕವರು ಬೂಟು ಹಾಕಿಕೊಂಡೇ ಹುಳುಮನೆಗೆ ನುಗ್ಗಿದರು. ನೀನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಬರಿಗಾಲನ್ನು ಚಪ್ಪಡಿಯ ಮೇಲೆ ಉಜ್ಜಿ ಒಳಗೆ ಕಾಲಿಟ್ಟೆ. ಹಿಂದೆ ಅಲ್ಲಿ ಸುಣ್ಣದ ಪುಡಿ ಹರಡಿರುತ್ತಿತ್ತು, ಹೊರಗಿನ ರೋಗ ಒಳಗೆ ಬರಬಾರದೆಂದು. ಅದು ಹೋಗಿ ಇಪ್ಪತ್ತು ವರ್ಷವಾಯಿತು. ಶಿವಾನಿಗೂ ಅದು ಗೊತ್ತಿಲ್ಲ. ನಿನಗೆ ಹೇಗೆ ಗೊತ್ತು? ಇವಳು ಹುಳು ಸಾಕಿದ ಮನೆಯವಳು, ಅದನ್ನು ಮುಚ್ಚಿಡುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ನೀನು ಒಂದು ಫೋಟೋವನ್ನೂ ತೆಗೆಯಲಿಲ್ಲ. ಮೊಬೈಲು ಚೀಲದೊಳಗೇ ರೆಕಾರ್ಡ್ ಆಗುತ್ತಿದೆಯೋ ಏನೋ ಎಂದು ನಾನು ನಿನ್ನ ಚೀಲವನ್ನೇ ನೋಡುತ್ತಿದ್ದೆ. ಆವತ್ತು ಮಧ್ಯಾಹ್ನ ಬೀರು ತೆಗೆಸಿ ಜಮೀನಿನ ಪತ್ರಗಳನ್ನೆಲ್ಲ ನೋಡಿದೆ. ಹಿಂದೆ ನಮ್ಮಲ್ಲಿ ಗೇಣಿಗಿದ್ದವರ ಪೈಕಿ ಯಾರೋ ಹಕ್ಕು ಹುಡುಕಿಕೊಂಡು ಬಂದಿದ್ದಾರೆ ಎಂದೇ ನನ್ನ ಎಣಿಕೆ.

ಮೂರನೆಯ ಸಲ ನೀನು ಪುಸ್ತಕದಲ್ಲಿ ಊರಿನ ಜಾಗವನ್ನು ಖಾಲಿ ಬಿಟ್ಟೆ. ಹುಳುಮನೆಯ ಕಥೆ ಕೇಳಿದವಳೇ ತೋಟ ನೋಡದೆ ವಾಪಸ್ಸು ಹೊರಟೆ. ನಾನು ಜಗಲಿಯಿಂದ ಇಳಿದು ಅಡ್ಡ ನಿಂತೆ.

"ಯಾರಮ್ಮ ನೀನು? ಮೂರು ಸಲ ಬಂದಿದ್ದೀಯ. ಏನು ಬೇಕು ನಿನಗೆ?"

"ಏನೂ ಬೇಡಮ್ಮ. ಆ ಮಾತು ಇನ್ನೂ ಹೇಳ್ತಾರಾ ಅಂತ ಕೇಳಕ್ಕೆ ಬಂದೆ. ಹೇಳ್ತಾರೆ."

ಅಷ್ಟು ಹೇಳಿ ನೀನು ಹೋಗಿಬಿಟ್ಟೆ. ಗೇಟಿನ ಹತ್ತಿರ ನಮ್ಮ ಹಳೆಯ ಆಳು ಚನ್ನರಾಯಪ್ಪ ಹುಲ್ಲು ಕಟ್ಟುತ್ತಿದ್ದ. ನಿನ್ನ ಬೆನ್ನು ನೋಡುತ್ತಾ ನಿಂತವನು ನನಗೆ ಹೇಳಿದ, "ಅಮ್ಮಾ, ಗೊತ್ತಾಗ್ಲಿಲ್ವಾ? ನಡಿಗೆ ನೋಡಿ. ನಮ್ಮ ಅಂಜಮ್ಮನ ಮಗಳಲ್ವಾ ಅದು. ಸೊಪ್ಪಿನ ಮಂಕರಿ ಪಕ್ಕ ಮಲಗಿರ್ತಿತ್ತಲ್ಲ ಆ ಕೂಸು."

ಮೊದಮೊದಲು ನಿನ್ನ ಮೇಲೆ ಕೋಪವೇ ಇತ್ತು. ಹೇಳುವುದಿದ್ದರೆ ನೇರ ಹೇಳಬಾರದೇ, ಕಳ್ಳಿಯ ಹಾಗೆ ಮೂರು ಸಲ ಬಂದು ನೋಡುವುದೇನು ಎಂದು. ಆಮೇಲೆ, ನೇರ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಒಪ್ಪುತ್ತಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಕಥೆಯನ್ನು ಶಿವಾನಿಗೆ ಹೇಳಿಕೊಟ್ಟವಳು ನಾನು. ಅವಳದೇನೂ ತಪ್ಪಿಲ್ಲ. ನಡೆದದ್ದು ಇದು.

ಆ ವರ್ಷ ಹುಳು ನಾಲ್ಕನೇ ಜ್ವರ ಎದ್ದಿತ್ತು. ನಾಲ್ಕನೆಯ ಸಲ ಪೊರೆ ಬಿಟ್ಟ ಹುಳು ಹೇಗೆ ಮೇಯುತ್ತದೆಂದು ನಿನಗೆ ನಿನ್ನ ತಾಯಿ ಹೇಳಿರುತ್ತಾಳೆ. ಎಷ್ಟು ಸೊಪ್ಪು ತಂದರೂ ಸಾಲದು. ನಮ್ಮ ಯಜಮಾನರು ಕೆಲಸದ ಮೇಲೆ ಕೋಲಾರಕ್ಕೆ ಹೋಗಿದ್ದರು. ಹೋಗುವ ಮುಂಚೆ, "ತೋಟದ ಪಕ್ಕದ ಟೊಮೆಟೊಗೆ ಔಷಧಿ ಹೊಡೆಸಿದ್ದೀನಿ, ಬದುವಿನ ಕಡೆ ಸಾಲಿನ ಸೊಪ್ಪು ಮುಟ್ಟಬೇಡಿ" ಎಂದು ನನಗೆ ಹೇಳಿಯೇ ಹೋಗಿದ್ದರು. ಮಾರನೇ ದಿನ ನಾಲ್ಕು ಹನಿ ಬಿತ್ತು. ಔಷಧಿ ತೊಳೆದುಹೋಗಿರುತ್ತದೆ ಎಂದುಕೊಂಡೆ. ಬದುವಿನ ಸೊಪ್ಪು ಹತ್ತಿರ, ದೂರದ ಸೊಪ್ಪು ಬಾಡುತ್ತದೆ ಎಂದು ಲೆಕ್ಕ ಹಾಕಿದೆ. ನಿನ್ನ ತಾಯಿ, "ಬೇಡಮ್ಮ, ವಾಸನೆ ಬರ್ತೈತೆ" ಎಂದಳು. "ನೀನು ನನಗೆ ಹೇಳಿಕೊಡಬೇಡ, ಕುಯ್ಯಿ" ಎಂದೆ. ಅವಳು ಕುಯ್ದಳು.

ಸಂಜೆಗೆ ಹುಳುಗಳು ತಲೆ ಎತ್ತಿ ಹೊರಳಾಡಿ ಹಸಿರು ವಾಂತಿ ಮಾಡಿದವು. ಹುಳು ಸಾಕುವ ತಟ್ಟೆಗಳೆಲ್ಲ ಹಾಗೇ. ಹೊಗೆಸೊಪ್ಪು ತಾಗಿದರೂ ಅದೇ ಲಕ್ಷಣ. ನಮ್ಮ ಅತ್ತೆ ಬಂದು ನಿಂತರು, ಯಜಮಾನರೂ ಅಷ್ಟು ಹೊತ್ತಿಗೆ ಬಂದರು, ಆಳುಗಳೆಲ್ಲ ಸೇರಿದರು. ಯಾರು ಮಾಡಿದ್ದು ಎಂದು ಅತ್ತೆ ಕೇಳಿದರು. ನಿನ್ನ ತಾಯಿಯ ಸೊಂಟದಲ್ಲಿ ಹೊಗೆಸೊಪ್ಪಿನ ಸಂಚಿ ಇತ್ತು. ನಾನು ಅದನ್ನು ತೋರಿಸಿದೆ. "ನೇನು ಕಾದಮ್ಮಾ" ಎಂದಳು, ನಾನಲ್ಲಮ್ಮ ಎಂದು, ಒಂದೇ ಸಲ, ನನ್ನ ಮುಖ ನೋಡಿಕೊಂಡು. ಬದುವಿನ ಸೊಪ್ಪು ಕುಯ್ಯಿಸಿದ್ದು ಯಾರು ಎಂದು ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಯಾರೂ ನಂಬುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಆ ಸಂಜೆಯೇ ನಿನ್ನನ್ನು ಎತ್ತಿಕೊಂಡು ಹೊರಟಳು. ಹುಳು ಸಾಯಿಸಿದವಳು ಎಂಬ ಹೆಸರು ಬಿದ್ದ ಮೇಲೆ ಹೋಳೂರು ತನಕ ಯಾರೂ ಅವಳನ್ನು ಹುಳುಮನೆಗೆ ಸೇರಿಸಲಿಲ್ಲ ಎಂದು ಆಮೇಲೆ ಕೇಳಿದೆ. ಕೇಳಿ ಸುಮ್ಮನಿದ್ದೆ. ವರ್ಷಗಳು ಕಳೆದ ಮೇಲೆ ನೆಂಟರ ಮುಂದೆ ಅದನ್ನು ನಗುವ ಕಥೆಯಾಗಿ ಹೇಳುವುದಕ್ಕೂ ಶುರು ಮಾಡಿದೆ. ಹೇಳಿ ಹೇಳಿ ನನಗೇ ಅದು ನಿಜ ಎನ್ನಿಸುವಷ್ಟು ಅಭ್ಯಾಸವಾಯಿತು.

ಮೊನ್ನೆ ಭಾನುವಾರ ನಾನು ಕುರ್ಚಿ ಬಿಟ್ಟು ಜನರ ಜೊತೆ ಹುಳುಮನೆಗೆ ಹೋದೆ. ಶಿವಾನಿ "ಇಲ್ಲಿ ಒಬ್ಬಳು" ಎಂದು ಶುರು ಮಾಡುತ್ತಿದ್ದ ಹಾಗೆ ನಿಲ್ಲಿಸಿದೆ. "ಅತ್ತೆ, ಜನ ಇದಾರೆ, ಆಮೇಲೆ ಹೇಳಿ" ಎಂದಳು. "ಜನ ಇರೋದಕ್ಕೇ ಈಗ ಹೇಳ್ತೀನಿ" ಎಂದೆ. ನಿನಗೆ ಈಗ ಬರೆದದ್ದನ್ನೇ ಅವರಿಗೂ ಹೇಳಿದೆ. ಯಾರೂ ನಗಲಿಲ್ಲ. ನೀಲಿ ಸೀರೆಯ ಒಬ್ಬಳು ಹೆಂಗಸು, ಯಾವ ಊರಿನವಳೋ, "ಆಮೇಲೆ ಆಯಮ್ಮ ಏನಾದ್ರು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಈ ಮನೆಯ ಪ್ರತಿ ಕಂಬದ ಚರಿತ್ರೆಯನ್ನೂ ನಾನು ಹೇಳಬಲ್ಲೆ. ನಿನ್ನ ತಾಯಿ ಇದ್ದಾಳೋ ಇಲ್ಲವೋ ಎಂಬುದನ್ನು ಕೂಡ ಹೇಳಲಾರದೆ ಅಪರಿಚಿತರ ಮುಂದೆ ನಿಂತಿದ್ದೆ. ಚನ್ನರಾಯಪ್ಪನಿಗೆ ಗೊತ್ತಿರಬಹುದು. ಅವನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ನಾನು ಬದಲಾಗಿಬಿಟ್ಟೆ ಎಂದು ತಿಳಿಯಬೇಡ. ನಿನ್ನ ಮನಸ್ಸಿನಲ್ಲಿ ಇನ್ನೇನೋ ಇದೆ ಎಂಬ ಅನುಮಾನ ನನಗೆ ಪೂರ್ತಿ ಹೋಗಿಲ್ಲ. ಜಮೀನಿನ ವಿಷಯ ಇದ್ದರೆ ಮುಚ್ಚಿಡದೆ ಬರೆ, ಅದಕ್ಕೆ ಬೇರೆ ಉತ್ತರ ಕೊಡುತ್ತೇನೆ. ಈ ಪತ್ರ ಅದಕ್ಕೆ ಸೇರಿದ್ದಲ್ಲ. ಹುಳುಮನೆಯಲ್ಲಿ ಇನ್ನು ಮುಂದೆ ನಿಜವನ್ನೇ ಹೇಳುತ್ತಾರೆ, ನಾನಿರುವ ತನಕ ನಾನೇ ಹೇಳುತ್ತೇನೆ. ನಿನ್ನ ತಾಯಿಗೆ ತನ್ನ ಹೆಸರನ್ನು ಅಲ್ಲಿ ಎತ್ತುವುದೇ ಬೇಡ ಎನ್ನಿಸಿದರೆ ಅದನ್ನೂ ತಿಳಿಸು, ಎತ್ತುವುದಿಲ್ಲ.

ನಿನಗೆ ಒಳ್ಳೆಯದಾಗಲಿ. ನಿನ್ನ ಹಾಸ್ಟೆಲಿನ ಮಕ್ಕಳು ಚೆನ್ನಾಗಿ ಓದಲಿ. ನಿನ್ನ ತಾಯಿ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ದೊಡ್ಡವರಿಗೆ ನಾನು ಆಶೀರ್ವಾದ ಬರೆಯುವ ಹಾಗಿಲ್ಲ. ಅವಳು ಇದ್ದರೆ, ಅವಳಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ಬದುವಿನ ಸೊಪ್ಪು ಕುಯ್ಯಿಸಿದವಳು,
ವೆಂಕಟರತ್ನಮ್ಮ