ಹೋಳಿಗೆ ಉಂಡ ಬಿಲ್ಲೆ

28-9-91, ಶನಿವಾರ. ಬೆಳಿಗ್ಗೆ
ಜೋಳ ಹಸನು ಮಾಡಿದೆ. ಹವಳಗಾದ ತಂಗಿಗೆ ಕಾರ್ಡು ಬರೆದೆ. ಶುಕ್ರವಾರ ಆಯಿ ಹೋಗಿ ವರ್ಷವಾಗುತ್ತದೆ, ಹೊಲದ ಕೆಲಸದ ನೆವ ಹೇಳದೆ ಬಾ ಎಂದು. ಕಾರ್ಡಿನಲ್ಲಿ ಜಾಗ ಮುಗಿಯಿತು, ಮಾತು ಮುಗಿಯಲಿಲ್ಲ. ಉಳಿದದ್ದು ಇಲ್ಲಿ.

ನನ್ನ ಅವ್ವ ಬೇಗ ಹೋದಳು. ಅವ್ವನ ಅವ್ವ, ನಮ್ಮ ಆಯಿಯೇ, ನನ್ನನ್ನು ಸಾಕಿದ್ದು. ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಬಂದರೆ ಟ್ರಂಕು ಹೊತ್ತು ನನ್ನ ಹಿಂದೆಯೇ ಬಂದಳು ನಿಂಬೆವ್ವ. ತೊಂಬತ್ತು ದಾಟುವ ತನಕ ಬೆನ್ನು ಬಾಗಲಿಲ್ಲ. ಮಣ್ಣು ಕೊಡುವಾಗ ಕೂಡ್ರಿಸಿದರಲ್ಲ, ಆಗಲೂ ನೆಟ್ಟಗೆ ಕೂತಿದ್ದಳು. ಸ್ವಾಮಿಗಳೇ ನಕ್ಕರು.

ಸೊಲ್ಲಾಪುರದ ದವಾಖಾನೆಯಲ್ಲಿ ಆಯಾ ಆಗಿದ್ದಳು. ಯುದ್ಧದ ಕಾಲಕ್ಕೆ ಅಲ್ಲಿಂದ ಅಸ್ಸಾಮಿನ ಮಿಲ್ಟ್ರಿ ಆಸ್ಪತ್ರೆಗೆ, ಮೂರು ವರ್ಷ. ನಲವತ್ತು ದಾಟಿತ್ತು, ಮೂವತ್ತು ಎಂದು ಬರೆಸಿದ್ದಳಂತೆ.
“ಸುಳ್ಳು ಹೇಳಿದ್ದೇನ್ ಆಯಿ?”
“ಅವರು ವಯಸ್ಸು ಕೇಳ್ಯಾರ, ನಾ ನನ್ನ ತಾಕತ್ತ ಹೇಳೇನಿ.”

ದಿನಾ ಬೆಳಿಗ್ಗೆ ಮಿಲ್ಟ್ರಿ ಆಸ್ಪತ್ರೆಯ ಹಾಗೆ ಕೌದಿ ಮಡಚುತ್ತಿದ್ದಳು. ನಾಲ್ಕೂ ಮೂಲೆ ಬಿಗಿ. ಕೌದಿಯ ಮೇಲೆ ಯಾರಾದರೂ ಕೂತರೆ ಕೆಟ್ಟಿತು ಅವರ ಗತಿ.

29-9-91
ಮನೆಯಲ್ಲಿ ಜಗಳ. ಮೊಮ್ಮಗಳು ಗುರುಶಾಂತಾ ಆಳಂದದಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಮಿಲ್ಟ್ರಿ ನರ್ಸಿಂಗ್ ಫಾರಂ ತಂದಿದ್ದಾಳೆ. ಅಪ್ಪನ ಸಹಿ ಬೇಕು. ಬರುವ ಹದಿನೈದನೇ ತಾರೀಖು ಕಡೆಯ ದಿನ. ನನ್ನ ಮಗ ಅಣ್ಣಾರಾಯ ಫಾರಂ ಮುಟ್ಟಲೂ ಇಲ್ಲ.
“ನಮ್ಮ ಮನಿ ಹೆಣ್ಣಮಕ್ಕಳು ಮಿಲ್ಟ್ರಿಗ ಹೋಗಿಲ್ಲ.”
“ಆಯಿ ಹೋಗಿದ್ಳಲ್ಲ, ಅಪ್ಪಾ?”
“ಆಕಿ ಕಥಿ ಹೇಳ್ತಿದ್ಳು ಬೇ. ಸರ್ಕಾರ ಬಿಲ್ಲೆ, ಮೆಡಲು ಕೊಟ್ಟದ ಅಂತಿದ್ಳು. ಎಲ್ಲಿ ಅದ? ತೋರ್ಸು, ಈಗಿಂದೀಗ ಸಹಿ ಹಾಕ್ತೇನಿ.”

ಗುರುಶಾಂತಾ ಆಯಿಯ ಟ್ರಂಕು ಸುರುವಿದಳು. ಎರಡು ಸೀರೆ, ಕತ್ತರಿ, ಬ್ಯಾಂಡೇಜಿನ ಸುರುಳಿ, ಕಪ್ಪು ಬೂಟು ಒಂದೇ ಕಾಲಿನದು. ಬಿಲ್ಲೆ ಇಲ್ಲ. ಬೂಟಿನೊಳಗೂ ಕೈ ಹಾಕಿ ನೋಡಿದೆವು.

4-10-91, ಶುಕ್ರವಾರ
ವರ್ಷದ ಊಟ ಚೆನ್ನಾಗಿ ಆಯಿತು. ತಂಗಿ ಬಂದಳು. ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು. ಪಕ್ಕದ ಮನೆಯ ಪ್ಯಾರಿಬಿ ಬಾಗಿಲಲ್ಲೇ ಶುರು ಮಾಡಿದಳು.
“ನನ್ನ ನಾಕೂ ಹೆರಿಗಿ ಆಕೀನೇ ಮಾಡ್ಸ್ಯಾಳ್ರಿ. ಚೀರಿದ್ರ ಸಾಕು, ‘ಸಿಪಾಯಿಗೋಳು ಕಾಲ್ ಕಡಿಸ್ಕೊಳ್ಳಾಗೂ ಇಷ್ಟ ಒದರ್ಲಿಲ್ಲ, ಸುಮ್ಕಿರಬೇ’ ಅಂತಿದ್ಳು.”
ಅಣ್ಣಾರಾಯ ಹೋಳಿಗೆ ಮುರಿಯುತ್ತ, “ಖಾಲಾ, ಹೆರಿಗಿ ಊರ ಸೂಲಗಿತ್ತೀನೂ ಮಾಡಸ್ತಾಳ. ಬಿಲ್ಲೆ ಎಲ್ಲದ ಹೇಳ್ರಿ,” ಎಂದ.
“ನಾನೂ ಕೇಳೇನಿ ಬಾಬಾ ಒಮ್ಮೆ. ಏನಂದ್ಳು ಗೊತ್ತೇನು? ‘ಛಲೋ ಜಾಗಾದಾಗ ಅದ. ನಿನಗಿಂತ ಹೆಚ್ಚು ಹೋಳಿಗಿ ತಿಂದದ ಅದು.’”
ಎಲ್ಲರೂ ನಕ್ಕರು. ಗುರುಶಾಂತಾ ಮಾತ್ರ ಎಲೆ ಬಿಟ್ಟು ಎದ್ದಳು.

7-10-91, ಸೋಮವಾರ. ಸಂಜೆ
ಬರೆಯಲು ಕೂತರೆ ನಗು ಬರುತ್ತಿದೆ.

ನಾಳೆ ಮಹಾನವಮಿಯ ಘಟ್ಟ ಹಾಕುವುದು, ದೇವರ ಮುಂದೆ ಕೊಡ ಕೂಡ್ರಿಸುವುದು. ಜಗಲಿಯ ದೇವರನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆವು. ನಮ್ಮ ಅಂಬಾಭವಾನಿಯ ಟಾಕು ಎಂದರೆ ತಾಮ್ರದ ತಗಡಿನ ಮೇಲೆ ಅರಗಿನಿಂದ ಅಂಟಿಸಿದ ಬಿಳಿ ದುಂಡು. ಅದರ ಮೇಲೊಂದು ಸಿಂಹ. ದೇವಿ ಕುಂಕುಮದ ಅಡಿಯಲ್ಲಿದ್ದಾಳೆ ಎಂದು ನಂಬಿದ್ದೆವು. ನಲವತ್ತು ವರ್ಷದ ಕುಂಕುಮ, ಬೆರಳು ದಪ್ಪ. ಕೀಳಬಾರದು ಎಂದು ಮೇಲೆ ಮೇಲೆ ತೊಳೆಯುವುದೇ ರೂಢಿ.

ಗುರುಶಾಂತಾ ಸಿಟ್ಟಿನಲ್ಲಿದ್ದಳು. ಕುದಿನೀರು ಸುರಿದು ಬ್ರಶ್ ಹಾಕಿ ತಿಕ್ಕಿದಳು. ಅರಗು ಬಿಟ್ಟಿತು. ದೇವಿ ತಗಡಿನಿಂದ ಎದ್ದು ಬಚ್ಚಲಿಗೆ ಬಿದ್ದಳು.
“ಅಜ್ಜೀ, ಇದರಾಗ ದೇವಿ ಇಲ್ಲ. ಬರೇ ಸಿಂಹ ಅದ. ಇಲ್ಲಿ ನೋಡು, 1939, 1945.”
ತಿರುವಿದಳು. ಹಿಂದೆ ಕಿರೀಟ ಹಾಕಿದ ಗಂಡಸಿನ ಮುಖ, ಸುತ್ತ ಇಂಗ್ಲಿಷ್ ಅಕ್ಷರ.

ಕೂತಲ್ಲೇ ಕೂತೆ. ಎಲ್ಲ ನೆನಪಾಯಿತು. ಮದುವೆಯಾದ ವರ್ಷ, ಮೊದಲ ಮಹಾನವಮಿ. ಆಯಿ ಹೊಲಕ್ಕೆ ಹೋಗಿದ್ದಳು. ಆಕೆಯ ಟ್ರಂಕು ಒರೆಸುವಾಗ ಇದು ಸಿಕ್ಕಿತು. ಆಗ ನನಗೆ ಅಕ್ಷರ ಬರುತ್ತಿರಲಿಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತದ್ದು ಆಮೇಲೆ. ಸಿಂಹ ಕಂಡೆ, ತುಳಜಾಪುರದ ತಾಯಿ ಎಂದು ಕೈ ಮುಗಿದೆ. ಅತ್ತೆ ಅಂದೇ ಅಕ್ಕಸಾಲಿಗನ ಹತ್ತಿರ ತಗಡಿಗೆ ಅಂಟಿಸಿಕೊಂಡು ಬಂದರು. ಸಂಜೆ ಆಯಿ ಜಗಲಿಯ ಮುಂದೆ ಬಹಳ ಹೊತ್ತು ನಿಂತಳು. ಹೆಗಲು ಅಲುಗುತ್ತಿತ್ತು. ಭಕ್ತಿ ಎಂದುಕೊಂಡಿದ್ದೆ.

ಗಂಡನ ಮನೆಯವರ ಮುಂದೆ ನನ್ನ ಮುಖ ಸಣ್ಣದಾಗಬಾರದು ಎಂದು ಸುಮ್ಮನಿದ್ದಳೋ, ನಗು ತಡೆಯಲಾರದೆ ಸುಮ್ಮನಿದ್ದಳೋ. ಎರಡೂ ಇರಬೇಕು.

ಅಣ್ಣಾರಾಯ ಬಂದ. ಗುರುಶಾಂತಾ ಅಂಗೈ ಚಾಚಿದಳು. ತಿರುವಿ ತಿರುವಿ ನೋಡಿದ.
“ನಲವತ್ತ ವರ್ಷ ಇಂಗ್ರೇಜ ರಾಜಾಗ ಹೋಳಿಗಿ ಎಡಿ ಕೊಟ್ಟೇವಲ್ಲಬೇ ಅವ್ವ. ನನ್ನ ಜಾವಳದ ಕೂದ್ಲ ಸೈತ ಇವನ ಮುಂದೇ ತೆಗಸೀದಿ.”
“ಜಾವಳ ಏನ್ ಬಂತು, ನಿನ್ನ ಹಡಿಯಾಕ ಹರಕಿ ಹೊತ್ತಿದ್ದೂ ಅವನಿಗೇ.”
ಅವನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಆಯಿಯ ಟ್ರಂಕಿನ ಮೇಲೆ ಕೂತ. ಬಿಲ್ಲೆಯನ್ನು ಧೋತರದ ಚುಂಗಿನಿಂದ ಒರೆಸಿದ.
“ಖರೇನ ಹೋಗಿದ್ಳಲ್ಲ. ನಾ ಆಕಿ ಮುಂದ ಎಷ್ಟ್ ಸರ್ತಿ ನಕ್ಕೇನಿ…”
ಮಗಳ ಕಡೆ ಕೈ ಚಾಚಿದ.
“ಫಾರಂ ತಾ ಬೇ.”

8-10-91
ಘಟ್ಟ ಹಾಕಿದೆವು. ಬಿಲ್ಲೆ ಎಲ್ಲಿಡುವುದು? ಪ್ಯಾರಿಬಿ ತೀರ್ಮಾನ ಹೇಳಿದಳು. “ಇಷ್ಟ ವರ್ಷ ಉಂಡದ. ಈಗ ಉಪಾಸ ಕೆಡವ್ತೀರೇನು?” ಮತ್ತೆ ಜಗಲಿಗೇ ಇಟ್ಟೆ. ಅರಗು ಹಚ್ಚಲಿಲ್ಲ. ಕುಂಕುಮ ಒಂದು ಚಿಟಿಕೆ ಮಾತ್ರ, ಇಸವಿ ಕಾಣುವ ಹಾಗೆ.

15-7-92, ಬೆಳಿಗ್ಗೆ
ನಿನ್ನೆ ಗುರುಶಾಂತಾ ಮಿಲ್ಟ್ರಿ ನರ್ಸಿಂಗಿಗೆ ಹೋದಳು. ಆಯಿಯ ಟ್ರಂಕೇ ಬೇಕೆಂದು ಹಟ ಹಿಡಿದು ಒಯ್ದಳು. ಆಳಂದದ ಬಸ್ಸಿಗೆ ಅಪ್ಪನೇ ಹೊತ್ತು ಹಾಕಿದ, ಕಂಡಕ್ಟರನಿಗೆ “ನಮ್ಮ ಮನ್ಯಾಗ ಎಲ್ಲಾರೂ ಮಿಲ್ಟ್ರಿಯವ್ರೇ” ಎಂದ. ಯಾರೂ ಕೇಳಿರಲಿಲ್ಲ.

ಈಗ ಅವಳ ಹಾಸಿಗೆ ತೆಗೆಯಲು ಹೋದೆ. ಹೋಗುವ ಗಡಿಬಿಡಿಯಲ್ಲೂ ಕೌದಿ ಮಡಚಿಟ್ಟಿದ್ದಾಳೆ. ನಾಲ್ಕೂ ಮೂಲೆ ಬಿಗಿ. ನಾನು ಕಲಿಸಿದ್ದಲ್ಲ. ಆಯಿಯನ್ನು ಯಾವಾಗ ನೋಡಿ ಕಲಿತಳೋ… ಕೌದಿಯ ಮೇಲೆ ಕೂಡಬೇಕೆಂದವಳು ಆಯಿಯ ಸಿಟ್ಟು ನೆನಪಾಗಿ ನೆಲದ ಮೇಲೆ ಕೂತೆ.