ನಾಲ್ಕನೇ ವಯಸ್ಸಿಗೇ ದಡ್ಡಿಯಾದ ನನ್ನ ಮೊಮ್ಮಗಳು

ನಮ್ಮ ವಲಯದ ಶಾಲಾ ತನಿಖಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಓದಲು ಬಾರದ ನಾಲ್ಕೂವರೆ ವರ್ಷದ ಮಗುವೊಂದನ್ನು ತಾವು ಎರಡು ವರ್ಷದ ಹಿಂದೆ ಇಡೀ ಶಾಲೆಯ ಎದುರು ದಡ್ಡಿ ಎಂದು ಕರೆದಿರಿ. ಆ ಮಗು ನನ್ನ ಮೊಮ್ಮಗಳು. ಅಂದಿನಿಂದ ಅವಳು ಶಾಲೆಯ ಹೊರಗಿದ್ದಾಳೆ. ಈಗ ತಾವು ಚಿಕ್ಕಬಳ್ಳಾಪುರದ ಸಭೆಯಲ್ಲಿ, ನಾಲ್ಕು ವರ್ಷವೂ ತಡವೇ ಆಯಿತು, ಇನ್ನು ಮೇಲೆ ಮೂರು ತುಂಬಿದ ಕೂಡಲೇ ಮಕ್ಕಳಿಗೆ ಓದು ಕಲಿಸುವ ತರಗತಿಗಳನ್ನು ತೆರೆಯುತ್ತೇವೆ ಎಂದು ಘೋಷಿಸಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಬಹಳ ಸಂತೋಷ. ದಡ್ಡರನ್ನು ಗುರುತಿಸುವ ಕೆಲಸದಲ್ಲಿ ಇಲಾಖೆಗೆ ಇನ್ನೊಂದು ವರ್ಷ ಉಳಿತಾಯವಾಯಿತು.

ನಾನು ಯಾರೆಂದು ತಮಗೆ ನೆನಪಿರಲಾರದು. ಚಿಂತಾಮಣಿ ತಾಲ್ಲೂಕು ಕೆಂಚಾರ್ಲಹಳ್ಳಿಯ ಲಕ್ಷ್ಮೀನರಸಮ್ಮ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಒಂದಿಷ್ಟು ರಾಗಿ ಹೊಲ, ಇಷ್ಟು ನಮ್ಮ ಸಂಸಾರ. ನಮ್ಮ ಅಪ್ಪ ಪಟೇಲರು, ಹೆಣ್ಣುಮಕ್ಕಳು ಕಾಗದ ಓದುವಷ್ಟಾದರೂ ಕಲಿಯಲಿ ಎಂದು ಮನೆಯಲ್ಲೇ ಅಕ್ಷರ ಹೇಳಿಕೊಟ್ಟಿದ್ದರು. ಆದ್ದರಿಂದ ಈ ಪತ್ರವನ್ನು ನಾನೇ ಬರೆದಿದ್ದೇನೆ. ಯಾವ ಗಂಡಸು ಬರೆದುಕೊಟ್ಟ ಎಂದು ವಿಚಾರಿಸುವ ಶ್ರಮ ತೆಗೆದುಕೊಳ್ಳಬೇಡಿ.

ತಾವು ಮೊದಲ ಸಲ ಚಿಂತಾಮಣಿಗೆ ಬಂದು ಮಾಡಿದ ಭಾಷಣವನ್ನು ನಾನು ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದೇನೆ. ತಾವು ಆಗತಾನೆ ಯಾವುದೋ ತರಬೇತಿ ಶಿಬಿರದಿಂದ ಬಂದಿದ್ದಿರಿ. ಪರದೇಶಗಳಲ್ಲಿ ನಾಲ್ಕು ವರ್ಷದ ಮಕ್ಕಳು ಪುಸ್ತಕ ಹಿಡಿದು ಓದುತ್ತವೆ, ನಮ್ಮ ಮಕ್ಕಳು ಮಾತ್ರ ಆರು ವರ್ಷದವರೆಗೆ ಬೀದಿಯಲ್ಲಿ ಮಣ್ಣಾಡಿಕೊಂಡು ಹಾಳಾಗುತ್ತಿವೆ ಎಂದಿರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆಯನ್ನೂ ಹೇಳಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಗಿಡ ಎಂದರೆ ಗಿಡವೇ ಎಂದು ನಾನು ತಿಳಿದುಕೊಂಡಿದ್ದೆ. ತಾವು ಮೊಳಕೆಯನ್ನೇ ಬಗ್ಗಿಸಲು ಹೊರಟಿದ್ದೀರಿ ಎಂಬುದು ಆಮೇಲೆ ತಿಳಿಯಿತು. ನಾಲ್ಕು ತುಂಬಿದ ಮಕ್ಕಳನ್ನೆಲ್ಲ ಒಂದನೇ ತರಗತಿಗೆ ಸೇರಿಸಿಕೊಳ್ಳಬೇಕು, ಸಂಕ್ರಾಂತಿಯ ಹೊತ್ತಿಗೆ ಅವು ಪಾಠದ ಪುಸ್ತಕ ಓದಬೇಕು, ತಾವೇ ಖುದ್ದು ಬಂದು ಓದಿಸಿ ನೋಡುತ್ತೀರಿ, ಹೀಗೆಂದು ಹಳ್ಳಿ ಹಳ್ಳಿಗೂ ಆಜ್ಞೆಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆ. ಕೂಸಿಗೆ ಹಲ್ಲು ಹುಟ್ಟುವ ಮುಂಚೆ ಕಬ್ಬು ಕೊಟ್ಟು, ಸಿಪ್ಪೆ ಎಲ್ಲಿ ಎಂದು ಕೇಳುವವರನ್ನು ನೋಡಿದ್ದು ಆಗಲೇ ಮೊದಲು.

ನಮ್ಮೂರ ಶಾಲೆಗೆ ಬಯ್ಯಪ್ಪ ಎಂಬ ಮುಖ್ಯೋಪಾಧ್ಯಾಯರಿದ್ದಾರೆ. ಸಾಧು ಮನುಷ್ಯ, ಮೇಲಿನವರ ಹೆಸರು ಕೇಳಿದರೆ ಕೂತಲ್ಲೇ ಎದ್ದು ನಿಲ್ಲುವವರು. ನಾಲ್ಕು ತುಂಬಿದ ಮಕ್ಕಳನ್ನು ಹುಡುಕಿಕೊಂಡು ಅವರು ಮನೆ ಮನೆಗೆ ಬಂದರು. ನಮ್ಮ ಹಳ್ಳಿಯಲ್ಲಿ ಹುಟ್ಟಿದ ತಾರೀಖು ಯಾರ ಬಳಿ ಇರುತ್ತದೆ ಹೇಳಿ? ಮಗು ಹುಟ್ಟಿದ್ದು ಅವರೆಕಾಯಿ ಕಾಲದಲ್ಲೋ, ಕೆರೆ ಕೋಡಿ ಬಿದ್ದ ವರ್ಷವೋ, ಅಷ್ಟೇ ನಮಗೆ ಗೊತ್ತು. ಅದಕ್ಕೆ ಶಾಲೆಯಲ್ಲಿ ಹಳೆಯ ಪರೀಕ್ಷೆಯೊಂದಿದೆ, ಆಜ್ಞೆ ವಯಸ್ಸನ್ನು ಇಳಿಸಿದರೂ ಅದು ಬದಲಾಗಿರಲಿಲ್ಲ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ತುಂಬಿ ಶಾಲೆಗೆ ಬರುವ ವಯಸ್ಸಾಯಿತೆಂದು ಅರ್ಥ. ನಾಲ್ಕು ವರ್ಷದ ಮಕ್ಕಳ ಕೈ ಕಿವಿಯವರೆಗೆ ಬರುವುದಿಲ್ಲ, ದೇವರು ಹಾಗೆ ಅಳತೆ ಇಟ್ಟಿದ್ದಾನೆ. ಆದರೆ ನನ್ನ ಮೊಮ್ಮಗಳು ವೆಂಕಟರತ್ನಮ್ಮನಿಗೆ ಅವಳ ತಾತನ ಕೈ ಬಂದಿದೆ. ನನ್ನ ಯಜಮಾನರು ನೆಲದಲ್ಲಿ ನಿಂತೇ ಮಾಳಿಗೆಯ ತೊಲೆಗೆ ಕೈ ಹಾಕುತ್ತಿದ್ದವರು. ಮಗುವಿನ ಕೈ ಸಲೀಸಾಗಿ ನೆತ್ತಿ ದಾಟಿ, ಕಿವಿ ಮುಟ್ಟಿ, ಕಿವಿಯ ಕೆಳಗೂ ಇಳಿಯಿತು.

"ನೋಡಿದ್ರಾ ಅಮ್ಮ, ಇವಳಿಗೆ ಆರಾಗಿದೆ," ಎಂದರು ಬಯ್ಯಪ್ಪನವರು.

"ಇವಳ ಬಾಣಂತನ ಮಾಡಿದ್ದು ನಾನು ಕಣಪ್ಪ. ಇನ್ನೂ ನಾಲ್ಕು," ಎಂದೆ.

"ನಾಲ್ಕಾದ್ರೂ ಆಯ್ತು, ಆರಾದ್ರೂ ಆಯ್ತು. ಏಂ ಚೇಸೇದಮ್ಮಾ, ಏನ್ ಮಾಡೋದು, ಮೇಲಿನೋರು ತಲೆ ತುಂಬಿಸು ಅಂದವ್ರೆ."

ಎಷ್ಟು ಮಕ್ಕಳ ತಲೆ ಬೆಂಚಿನಲ್ಲಿ ಕಾಣಬೇಕೆಂಬುದನ್ನು ಅವರು ಹೇಳುತ್ತಿದ್ದರು. ಆ ತಲೆಗಳ ಒಳಗೆ ಏನಾಗುತ್ತದೆ ಎಂಬುದು ತಮ್ಮ ಆಜ್ಞೆಯಲ್ಲಿ ಬಂದಂತಿರಲಿಲ್ಲ. ಹೀಗೆ ನನ್ನ ಮೊಮ್ಮಗಳು ಬುದ್ಧಿಯಿಂದಲೂ ಅಲ್ಲ, ವಯಸ್ಸಿನಿಂದಲೂ ಅಲ್ಲ, ತೋಳಿನ ಉದ್ದದಿಂದ ವಿದ್ಯಾರ್ಥಿನಿಯಾದಳು.

ಮನೆಯಲ್ಲಿ ಅವಳ ಬಾಯಿ ಒಂದು ಗಳಿಗೆ ಮುಚ್ಚುತ್ತಿರಲಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡ, ನಡುವೆ ಎರಡೂ ಅಲ್ಲದ ಅವಳದೇ ಒಂದು ಭಾಷೆ. ಹುಳುವಿನ ಮನೆಯಲ್ಲಿ ಸೊಪ್ಪು ಮೇಯುವ ಸದ್ದು ಕೇಳಿ, ಹುಳುಗಳು ಒಂದಕ್ಕೊಂದು ಏನು ಚಾಡಿ ಹೇಳುತ್ತಿವೆ ಎಂದು ನನಗೆ ವಿವರಿಸುತ್ತಿದ್ದಳು. ಅಂಥವಳನ್ನು ಶಾಲೆಯಲ್ಲಿ ಮರಳಿನ ಮುಂದೆ ಕೂರಿಸಿ ಅಕ್ಷರ ತಿದ್ದಿಸಿದರು. ಬೆರಳ ತುದಿಯ ಚರ್ಮ ಹೋಯಿತು. ರಾತ್ರಿ ಉಣ್ಣುವಾಗ ಸಾರಿನ ಖಾರ ಬೆರಳಿಗೆ ತಾಗಿ ಅಳುತ್ತಿದ್ದಳು. ಎಡಗೈಯಲ್ಲಿ ಉಣ್ಣಲು ಹೋದರೆ ಅವಳ ಅಮ್ಮ ಬೈಯುತ್ತಿದ್ದಳು. ಕೊನೆಗೆ ನಾನೇ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ತುತ್ತು ತಿನ್ನಿಸಿಕೊಳ್ಳುವ ವಯಸ್ಸಿನವಳಿಗೆ ತಮ್ಮ ಇಲಾಖೆ ಒತ್ತಕ್ಷರ ಕಲಿಸುತ್ತಿತ್ತು.

ಸಂಕ್ರಾಂತಿ ಬಂತು, ತಾವೂ ಬಂದಿರಿ. ಮಕ್ಕಳು ಓದುವುದನ್ನು ನೋಡಲೆಂದು ತಂದೆ ತಾಯಿಯರನ್ನೂ ಕರೆಸಿದ್ದಿರಿ. ಗೋಡೆ ಪಕ್ಕದಲ್ಲಿ ನನ್ನ ಮಗ ರಾಮಾಂಜಿನಪ್ಪನೂ ನಾನೂ ನಿಂತಿದ್ದೆವು. ತಾವು ವೆಂಕಟರತ್ನಮ್ಮನನ್ನು ಎಬ್ಬಿಸಿ ಪುಸ್ತಕದ ಒಂದು ಪುಟ ತೋರಿಸಿದಿರಿ. ಅಲ್ಲಿ ಈಚಲ ಮರದ ಚಿತ್ರವಿತ್ತು, ಕೆಳಗೆ ಅಕ್ಷರಗಳಿದ್ದವು. ಮಗು ಅಕ್ಷರ ಬಿಟ್ಟು ಚಿತ್ರ ನೋಡಿ ಖುಷಿಯಿಂದ "ಈತ ಚೆಟ್ಟು" ಎಂದಿತು. ತೆಲುಗಿನಲ್ಲಿ ಈಚಲ ಮರಕ್ಕೆ ಹಾಗೇ ಅನ್ನುವುದು, ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಬಯ್ಯಪ್ಪನವರಿಗೆ ಅದು ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ. ತಾವು ನಕ್ಕಿರಿ. ತಾವು ನಕ್ಕಿದ್ದರಿಂದ ಎಲ್ಲರೂ ನಕ್ಕರು. ತಾವು ಬೆರಳಿಟ್ಟು ಒಂದೊಂದೇ ಅಕ್ಷರ ಕೇಳುತ್ತಾ ಹೋದಿರಿ, ಅವಳು ಒಂದನ್ನೂ ಹೇಳಲಿಲ್ಲ. ಆಮೇಲೆ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಳು. ತಾವು ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಬೂಟು ನೋಡಿಕೊಂಡು, "ಈ ಹುಡುಗಿ ಶುದ್ಧ ದಡ್ಡಿ. ಇವಳಿಗೆ ಓದು ಹತ್ತುವುದಿಲ್ಲ, ಮನೆಗೆಲಸಕ್ಕೆ ಹಾಕಿಕೊಳ್ಳಿ" ಎಂದು ನನ್ನ ಮಗನಿಗೆ ಹೇಳಿದಿರಿ. ಮುಂದಿನ ಮಗುವಿನ ಕಡೆ ತಿರುಗಿದಿರಿ. ತಮ್ಮ ಕೆಲಸ ಅಷ್ಟು ಬೇಗ ಮುಗಿಯಿತು.

ನನ್ನ ಮಗ ಕೆಟ್ಟವನಲ್ಲ, ಆದರೆ ದೊಡ್ಡವರ ಮಾತನ್ನು ದೇವರ ಮಾತು ಎಂದು ನಂಬುವವನು. ಅಂದಿನಿಂದಲೇ ಅವಳನ್ನು ಬಿಡಿಸಿದ. "ಸಾಹೇಬ್ರೇ ಹೇಳಿದ್ಮೇಲೆ ನಾವೇನ್ ಹೇಳಣ ಬಿಡಮ್ಮ. ಅಷ್ಟು ಓದಿರೋರಿಗೆ ಗೊತ್ತಾಗಲ್ವಾ," ಎಂದ. ಅಷ್ಟು ಓದಿರುವವರಿಗೆ ಏನು ಗೊತ್ತಾಗುತ್ತದೆ ಎಂಬ ವಿಷಯದಲ್ಲಿ ನನಗೂ ಅವನಿಗೂ ಅಂದಿನಿಂದ ಭಿನ್ನಾಭಿಪ್ರಾಯವಿದೆ.

ಚಿಕ್ಕ ಮಕ್ಕಳು ಓದಲೇಬಾರದು ಎಂದು ವಾದಿಸುವ ಅಜ್ಜಮ್ಮ ನಾನಲ್ಲ. ನನ್ನ ತಮ್ಮ ಪಾಪಯ್ಯ ಅಪ್ಪನ ತೊಡೆಯ ಮೇಲೆ ಕೂತೇ ನಾಲ್ಕು ತುಂಬುವ ಮುಂಚೆ ಕಾಗದ ಓದಲು ಶುರು ಮಾಡಿದ. ಯಾರೂ ಅವನಿಗೆ ಹೊತ್ತು ಗೊತ್ತುಪಡಿಸಿರಲಿಲ್ಲ. ಅವನಿಗೆ ಬೇಕಾಯಿತು, ಕೇಳಿದ, ಅಪ್ಪ ಹೇಳಿದರು. ನಾನು ಅವನಿಗಿಂತ ದೊಡ್ಡವಳು, ಏಳು ದಾಟುವವರೆಗೆ ನನಗೆ ಅಕ್ಷರ ಹತ್ತಲಿಲ್ಲ. ಅಪ್ಪ ನನ್ನನ್ನು ದಡ್ಡಿ ಎನ್ನಲಿಲ್ಲ. ಎಂದಿದ್ದರೆ ಇಂದು ತಮಗೆ ಈ ಪತ್ರದ ತೊಂದರೆ ಇರುತ್ತಿರಲಿಲ್ಲ. ಒಂದೇ ಮನೆಯ ಎರಡು ಮಕ್ಕಳು ಒಂದೇ ವಯಸ್ಸಿಗೆ ಹಲ್ಲು ಬಿಡುವುದಿಲ್ಲ, ಇಡೀ ವಲಯದ ಮಕ್ಕಳೆಲ್ಲ ಒಂದೇ ಸಂಕ್ರಾಂತಿಗೆ ಓದಬೇಕೇ?

ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿದವರಿಗೆಲ್ಲ ತಿಳಿದಿರುವ ಮಾತೊಂದಿದೆ. ಹುಳು ಬೆಳೆಯುತ್ತಾ ಬೆಳೆಯುತ್ತಾ ನಡುನಡುವೆ ತಲೆ ಎತ್ತಿ ಅಲ್ಲಾಡದೆ ನಿಂತುಬಿಡುತ್ತದೆ. ಹಳೆಯ ಚರ್ಮ ಕಳಚುವ ಮುಂಚಿನ ನಿದ್ದೆ ಅದು. ಅದನ್ನು ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು. ಹಾಕಿದರೆ ತಿನ್ನುವುದಿಲ್ಲ, ಸೊಪ್ಪು ಕೊಳೆತು ಹುಳುವಿಗೆ ರೋಗ ಬರುತ್ತದೆ. ತಿನ್ನುತ್ತಿಲ್ಲವಲ್ಲ, ಈ ಹುಳು ಕೆಲಸಕ್ಕೆ ಬಾರದು ಎಂದು ಯಾರಾದರೂ ತಿಪ್ಪೆಗೆ ಎಸೆದರೆ ಶಿಡ್ಲಘಟ್ಟದ ಗೂಡಿನ ಸಂತೆಯಲ್ಲಿ ಅವನನ್ನು ನೋಡಿ ನಗುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಅದು ತಮ್ಮ ಇಲಾಖೆಯನ್ನು ಕುರಿತು ಹೇಳಿದ್ದಲ್ಲ, ಇಲಾಖೆ ಆಮೇಲೆ ಬಂತು.

ಇಷ್ಟು ಖಾರವಾಗಿ ಬರೆಯಲು ಕಾರಣ ಈ ಬೇಸಿಗೆಯಲ್ಲಿ ನಡೆದ ಒಂದು ಸಂಗತಿ. ಮರಿಹುಳುಗಳ ತಟ್ಟೆಗೆ ನಾವು ಹಳೆಯ ಪತ್ರಿಕೆಯ ಹಾಳೆ ಹಾಸುತ್ತೇವೆ. ಒಂದು ಬೆಳಿಗ್ಗೆ ನಾನು ಸೊಪ್ಪು ಹೆಚ್ಚುತ್ತಿದ್ದೆ. ವೆಂಕಟರತ್ನಮ್ಮ ತಟ್ಟೆಯ ಮೇಲೆ ಬಾಗಿಕೊಂಡು ಏನೋ ಗುನುಗುತ್ತಿದ್ದಳು. ಎಂದಿನ ಹಾಗೆ ಹುಳುಗಳ ಚಾಡಿ ಇರಬೇಕೆಂದುಕೊಂಡೆ. ಕಿವಿಗೊಟ್ಟರೆ, "ಹ, ಳೆ, ಯ. ಹಳೆಯ. ಕೆಮ್ಮಿಗೆ. ಹೊಸ." ಅಷ್ಟರಲ್ಲಿ ಒಂದು ಹುಳು ಅಡ್ಡ ಬಂತು. ಅದನ್ನು ಎಲೆಯ ಸಮೇತ ಪಕ್ಕಕ್ಕೆ ಸರಿಸಿ, "ಔಷಧಿ" ಎಂದಳು. ನಾನು ಕತ್ತಿ ಕೆಳಗಿಟ್ಟೆ. ಯಾರೂ ಅವಳಿಗೆ ಪಾಠ ಹೇಳಿರಲಿಲ್ಲ. ನಾನು ಪತ್ರಿಕೆ ಓದುವಾಗ ಪಕ್ಕದಲ್ಲಿ ಬಂದು ಕೂತು ಅದೇನು, ಇದೇನು ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅಷ್ಟೇ. ಆರೂವರೆ ವಯಸ್ಸಿಗೆ ಅವಳ ಜ್ವರ ತಾನಾಗಿ ಬಿಟ್ಟಿತ್ತು. ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಗನನ್ನು ಕರೆದು ಹೇಳಿದೆ. ಅವನು ನಂಬಲಿಲ್ಲ. "ಮೇಷ್ಟ್ರ ಮುಂದೆ ಓದ್ಲಿ, ಜೂನ್‌ನಲ್ಲಿ ನಾನೇ ಸೇರಿಸ್ತೀನಿ. ಇಲ್ದಿದ್ರೆ ಇನ್ಮೇಲೆ ಈ ಮಾತು ಎತ್ಬೇಡ. ತೋಟಕ್ಕೆ ಕೈ ಬೇಕು," ಎಂದ. ನಾನು ಮೊಮ್ಮಗಳನ್ನು ಎಳೆದುಕೊಂಡೇ ಬಯ್ಯಪ್ಪನವರ ಮನೆಗೆ ಹೋದೆ. ಮಗನೂ ಹಿಂದೆ ಬಂದ. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಪುಸ್ತಕ ತಂದು ಅವಳ ಕೈಗಿಟ್ಟರು. ಅವಳು ಪುಟ ನೋಡಿದಳು. ತುಟಿ ಬಿಗಿಹಿಡಿದು ನೆಲ ನೋಡಿದಳು. ನಾನು ಪುಸಲಾಯಿಸಿದೆ, ಗದರಿದೆ, ಬೆಲ್ಲ ಕೊಡುತ್ತೇನೆಂದೆ. ಒಂದು ಅಕ್ಷರ ಹೊರಡಲಿಲ್ಲ. ಮಗ ಎದ್ದು ತೋಟದ ಕಡೆ ಹೋದ.

ದಾರಿಯಲ್ಲಿ ಅವಳನ್ನು ಕೇಳಿದೆ. "ಯಾಕೇ ಓದ್ಲಿಲ್ಲ?"

"ನಂಗೆ ಓದಕ್ಕೆ ಬರಲ್ಲ ಅಜ್ಜಿ."

"ಹುಳದ ತಟ್ಟೇಲಿ ಓದಿದ್ಯಲ್ಲೇ. ನಾನೇ ಕೇಳಿಸ್ಕೊಂಡೆ."

"ಅದು ಓದೋದಲ್ಲ. ಸುಮ್ನೆ ಪೇಪರ್ ನೋಡ್ತಿದ್ದೆ. ನಾನು ದಡ್ಡಿ ಕಣಜ್ಜಿ. ಸಾಹೇಬ್ರು ಹೇಳವ್ರೆ."

ಮಾನ್ಯರೇ, ಎರಡು ವರ್ಷದಲ್ಲಿ ಅವಳು ಮರಳು ಮರೆತಿದ್ದಾಳೆ, ಬೆರಳಿನ ನೋವು ಮರೆತಿದ್ದಾಳೆ, ಪುಸ್ತಕದ ಈಚಲ ಮರ ಮರೆತಿದ್ದಾಳೆ. ತಮ್ಮ ಮಾತೊಂದನ್ನು ಮರೆತಿಲ್ಲ. ತಮ್ಮ ಇಲಾಖೆ ಅವಳಿಗೆ ಕಲಿಸಿದ ಪಾಠ ಅದೊಂದೇ, ಅದನ್ನು ಅವಳು ಚೆನ್ನಾಗಿ ಕಲಿತಿದ್ದಾಳೆ. ಇನ್ನು ಗೌರಿಬಿದನೂರಿನಿಂದ ಶಿಡ್ಲಘಟ್ಟದವರೆಗೆ ಮೂರು ವರ್ಷದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಇದೇ ಪಾಠ ಹೇಳಿಕೊಡುವಿರಾ?

ತಮ್ಮ ಹೊಸ ತರಗತಿಗಳು ಇರಲಿ. ಅಲ್ಲಿ ಮಕ್ಕಳು ಕಥೆ ಕೇಳಲಿ, ಆಡಲಿ, ಮಲಗಲಿ, ಓದಬೇಕೆನಿಸಿದ ಮಗು ಓದಲಿ. ಆದರೆ ಯಾವ ಮಗುವನ್ನೂ ತಾವಾಗಲಿ, ತಮ್ಮ ಕೈಕೆಳಗಿನವರಾಗಲಿ ಎಬ್ಬಿಸಿ ನಿಲ್ಲಿಸಿ ಪರೀಕ್ಷೆ ಮಾಡಕೂಡದು. ಇದು ನನ್ನ ಸಾರ್ವಜನಿಕ ಬೇಡಿಕೆ. ಸ್ವಂತದ್ದು ಇನ್ನೊಂದಿದೆ. ನನ್ನ ಮೊಮ್ಮಗಳನ್ನು ಸೇರಿಸಿಕೊಳ್ಳಿ ಎಂದು ಆಜ್ಞೆ ಕಳಿಸಬೇಡಿ. ಆಜ್ಞೆಯಿಂದ ಬಯ್ಯಪ್ಪನವರು ಒಪ್ಪುತ್ತಾರೆ, ನನ್ನ ಮಗನೂ ಒಪ್ಪಿಯಾನು, ಅವಳು ಒಪ್ಪುವುದಿಲ್ಲ. ಜೂನ್ ತಿಂಗಳ ಒಳಗೆ ತಾವೇ ಕೆಂಚಾರ್ಲಹಳ್ಳಿಗೆ ಬರಬೇಕು. ನಮ್ಮ ಜಗುಲಿಯಲ್ಲಿ ಅವಳ ಪಕ್ಕದಲ್ಲಿ ಕೂತು, ಅವಳ ಅಪ್ಪನ ಎದುರಿಗೆ, ಅವತ್ತು ನಾನು ಹೇಳಿದ್ದು ತಪ್ಪು ಮಗು, ನಿನಗೆ ಓದಲು ಬರುತ್ತದೆ ಎಂದು ಹೇಳಬೇಕು. ಅದನ್ನು ನಾನು ದಿನವೂ ಹೇಳುತ್ತಿದ್ದೇನೆ. ಅವಳು ನನ್ನ ಮುಖ ನೋಡಿ ನಗುತ್ತಾಳೆ. ನಾನು ಬರೀ ಅಜ್ಜಿ, ನನಗೇನು ಗೊತ್ತು.

ಇಂತಿ,
ತಮ್ಮಷ್ಟು ಓದದೆ ಮೊಮ್ಮಗಳ ನಂಬಿಕೆಗೆ ಅನರ್ಹಳಾದ
ಲಕ್ಷ್ಮೀನರಸಮ್ಮ
ಕೆಂಚಾರ್ಲಹಳ್ಳಿ, ಮೇ ೧೯೬೧